ಇಪ್ಪತ್ತು ಕೆಬಿಗೆ ಕಡಿಮೆ ಬಿದ್ದ ಅತ್ತೆ

ಅತ್ತೆಯ ಮುಖ ಬರೀ ಹದಿಮೂರೂವರೆ ಕೆಬಿ ಎಂದು ನಮಗೆ ಗೊತ್ತಾದದ್ದು ಹನ್ನೆರಡನೇ ತಾರೀಖು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ. ಇದನ್ನು ನೆನಪಿನಿಂದ ಹೇಳುತ್ತಿಲ್ಲ. ನನ್ನ ಬಳಿ ಒಂದು ಉದ್ದನೆಯ ನೋಟ್‌ಬುಕ್ ಇದೆ. ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ನೀರಿನ ಟ್ಯಾಂಕರ್ ಬಾರದ ದಿನ, ಅಪ್ಪ ನಾಳೆಯಿಂದ ಚಹಾ ಬಿಡುತ್ತೇನೆಂದು ಹೇಳಿದ ದಿನ, ಎಲ್ಲವೂ ಅದರಲ್ಲಿ ಇವೆ. ಅಪ್ಪ ಇದುವರೆಗೆ ಹನ್ನೊಂದು ಸಲ ಬಿಟ್ಟಿದ್ದಾನೆ.

ಅತ್ತೆ ಎಂದರೆ ಅಪ್ಪನ ತಂಗಿ. ಕೂಕಟ್‌ಪಲ್ಲಿಯ ನಮ್ಮ ಫ್ಲಾಟಿನಲ್ಲಿ ನಮ್ಮೊಂದಿಗೇ ಇರುತ್ತಾಳೆ. ಮದುವೆಯಾಗಿಲ್ಲ. ಒಂದು ಖಾಸಗಿ ಶಾಲೆಯ ಲೈಬ್ರರಿಯಲ್ಲಿ ಎಂಟು ವರ್ಷದಿಂದ ತಾತ್ಕಾಲಿಕ ಕೆಲಸ ಮಾಡುತ್ತಿದ್ದಳು. ಪ್ರತಿ ಬೇಸಿಗೆ ರಜೆಗೆ ಅವಳನ್ನು ಕೆಲಸದಿಂದ ತೆಗೆದು, ಶಾಲೆ ತೆರೆದ ದಿನ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಆ ವರ್ಷ ಕೇಂದ್ರ ಸರ್ಕಾರದ ಒಂದು ಕಚೇರಿ ಲೈಬ್ರರಿ ಸಹಾಯಕರ ಹುದ್ದೆಗೆ ಅರ್ಜಿ ಕರೆಯಿತು. ವಯಸ್ಸು ನಲವತ್ತು ದಾಟಿರಬಾರದು. ಅತ್ತೆಗೆ ನಲವತ್ತು ತುಂಬಲು ಎರಡು ತಿಂಗಳು ಎಂಟು ದಿನ ಬಾಕಿ ಇತ್ತು. ಇಂಥ ಕರೆ ಮತ್ತೊಮ್ಮೆ ಬರುವಷ್ಟರಲ್ಲಿ ಅವಳು ಖಂಡಿತ ದಾಟಿರುತ್ತಿದ್ದಳು. ಕೋಠಿಯ ಪುಸ್ತಕದ ಸಂತೆಯಲ್ಲಿ ಕೊಂಡ ಹಳೆಯ ಗೈಡುಗಳು ನಾಲ್ಕು, ಶಾಲೆಗೆ ಹೋಗುವ ಮುನ್ನ ಎದ್ದು ಓದಿದ ಬೆಳಗುಗಳು ನೂರ ನಲವತ್ತಮೂರು. ಇಷ್ಟೆಲ್ಲ ಇದ್ದದ್ದು ಈ ಒಂದು ಅರ್ಜಿಗಾಗಿ. ಅರ್ಜಿ ತುಂಬಲು ಕೊನೆಯ ಗಡುವು ಹದಿನಾರು, ಶುಕ್ರವಾರ, ಸಂಜೆ ಐದು ಗಂಟೆ.

ಸೋಮವಾರ ಹಬ್ಬದ ರಜೆ. ನಾನು ನಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಹೆಸರು, ವಿಳಾಸ, ಅಂಕಪಟ್ಟಿ ಎಲ್ಲ ತುಂಬಿದೆ. ಸಹಿಯೂ ಏರಿತು. ಫೋಟೊ ಮಾತ್ರ ಏರಲಿಲ್ಲ. ಕೆಂಪು ಅಕ್ಷರಗಳಲ್ಲಿ ಒಂದು ಸಾಲು ಬಂತು.

"ಏನಂತ ಅದು?" ಅತ್ತೆ ನನ್ನ ಭುಜದ ಮೇಲಿಂದ ಬಗ್ಗಿ ಕೇಳಿದಳು.

"ಫೋಟೊ ಇಪ್ಪತ್ತರಿಂದ ಐವತ್ತು ಕೆಬಿ ಒಳಗ ಇರಬೇಕಂತ ಅತ್ತಿ. ನಿಂದು ಹದಿಮೂರೂವರಿ ಐತಿ. ಕಡಿಮಿ ಬಿತ್ತು."

ಅತ್ತೆ ಆ ಸಾಲನ್ನು ತಾನೇ ಮತ್ತೊಮ್ಮೆ ಓದಿದಳು. "ಎಪ್ಪತ್ತೆರಡು ಕಿಲೊ ಅದೀನಿ. ಹುಟ್ಟಿದಾಗಿಂದ ಯಾರೂ ನನಗ ಕಡಿಮಿ ಬಿದ್ದಿ ಅಂದಿಲ್ಲ."

"ಬರೇ ಮುಖಾ ತಗದಾರಲ್ಲ, ಅದಕ್ಕ," ಎಂದ ಅಪ್ಪ, ಪೇಪರ್ ಕೆಳಗಿಳಿಸದೆ.

ಆ ಫೋಟೊ ತೆಗೆದಿದ್ದು ಹಿಂದಿನ ಶನಿವಾರ, ನಮ್ಮ ರಸ್ತೆಯ ಸ್ಟುಡಿಯೊದಲ್ಲಿ. ಸ್ಟುಡಿಯೊದವನು ಅತ್ತೆಯ ಮುಖವನ್ನು ಪರದೆಯ ಮೇಲೆ ಹಿಗ್ಗಿಸಿ, ಮೌಸ್‌ನಿಂದ ಹಣೆ ಉಜ್ಜಿ, ಕಣ್ಣಿನ ಕೆಳಗೆ ಉಜ್ಜಿ, ಗದ್ದದ ಹತ್ತಿರ ಇನ್ನೂ ಎರಡು ಸಲ ಉಜ್ಜಿ, "ಏಜ್ ಮೊತ್ತಂ ತೀಸೇಶಾನು, ಮೇಡಂ" ಎಂದು ತೆಲುಗಿನಲ್ಲಿ ಹೇಳಿದ್ದ. ವಯಸ್ಸನ್ನೆಲ್ಲ ತೆಗೆದುಬಿಟ್ಟಿದ್ದೇನೆ ಎಂದು. ಅತ್ತೆಗೆ ಎಷ್ಟು ಖುಷಿಯಾಗಿತ್ತೆಂದರೆ ಹನ್ನೆರಡು ಪ್ರತಿ ಹೆಚ್ಚಿಗೆ ಹಾಕಿಸಿದ್ದಳು. ಅವನು ವಯಸ್ಸಿನ ಜೊತೆಗೆ ಕೆಬಿಯನ್ನೂ ತೆಗೆದುಹಾಕಿದ್ದ.

ಇದನ್ನು ಮನೆಯವರಿಗೆ ತಿಳಿಸಿಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆಗ ಮನೆಯಲ್ಲಿ ನಾವು ನಾಲ್ಕೇ ಜನ. ಅವ್ವ ತನ್ನ ತಂಗಿಯ ಬಾಣಂತನಕ್ಕೆಂದು ರಾಯಚೂರಿಗೆ ಹೋಗಿದ್ದಳು. ಅಪ್ಪ ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ ತಯಾರಾದ ಭಾಗಗಳ ಅಳತೆ ಸರಿಯಿದೆಯೇ ಎಂದು ನೋಡುವವನು. ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಮಾಲನ್ನು ವಾಪಸು ಕಳಿಸುವುದು ಅವನ ಉದ್ಯೋಗ. ನಾಲ್ಕನೆಯವಳು ಆಯಿ, ಅಪ್ಪ ಮತ್ತು ಅತ್ತೆಯ ತಾಯಿ, ಎಪ್ಪತ್ತೆಂಟು ವರ್ಷ. ಕಣ್ಣು ಚೆನ್ನಾಗಿರುವ ತನಕ ಕಸೂತಿ ಹಾಕುತ್ತಿದ್ದಳು. ಈಗ ನಾವು ಬಟ್ಟೆಗೆ ಗುಂಡಿ ಹಚ್ಚುವಾಗ ತಪ್ಪು ಹುಡುಕುತ್ತಾಳೆ.

"ಕಂಪ್ಯೂಟರಿಗೆ ಎರಡ ಮಾತು ಗೊತ್ತು ಆಯಿ," ಎಂದು ಶುರು ಮಾಡಿದೆ. "ಒಂದು ಹೌದು, ಇನ್ನೊಂದು ಅಲ್ಲ. ಅಂಥಾದ್ದೊಂದಕ್ಕ ಬಿಟ್ ಅಂತಾರ. ಎಂಟು ಬಿಟ್ ಕೂಡಿದ್ರ ಒಂದು ಬೈಟ್. ಸಾವಿರ ಬೈಟ್ ಕೂಡಿದ್ರ ಒಂದು ಕೆಬಿ."

"ದಾರ ಅರಬಿ ಮ್ಯಾಲ ಬಂತು, ಇಲ್ಲಾ ಕೆಳಗ ಹೋತು," ಎಂದಳು ಆಯಿ. "ಕಸೂತಿನೂ ಅಷ್ಟ. ಇದಕ್ಕ ನೀ ಕಾಲೇಜಿಗೆ ಹೋದಿ?"

ಮೂರು ವರ್ಷದ ಶುಲ್ಕ ಕಟ್ಟಿದ ಅಪ್ಪ ನನ್ನ ಕಡೆ ನೋಡಿದ. ನಾನು ಮುಂದುವರಿಸಿದೆ. ಬೋಳು ಗೋಡೆಯಿದ್ದರೆ 'ಇಲ್ಲಿಂದ ಅಲ್ಲಿಯವರೆಗೆ ಬಿಳಿ' ಎಂದು ಒಂದೇ ಮಾತಿನಲ್ಲಿ ಬರೆದಿಟ್ಟು ಕಂಪ್ಯೂಟರ್ ಬೈಟ್ ಉಳಿಸುತ್ತದೆ. ಸುಕ್ಕು ಬಂದರೆ ಸುಕ್ಕು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು, ನೆರಳು ಎಷ್ಟು, ಎಲ್ಲ ಹೇಳಬೇಕು. ಫೋಟೊದ ಉದ್ದ ಅಗಲವನ್ನು ಕಚೇರಿಯವರೇ ಗೊತ್ತುಮಾಡಿದ್ದರು, ಗುಣಮಟ್ಟದ ಗುಂಡಿಯನ್ನು ನಾನು ಆಗಲೇ ನೂರಕ್ಕೆ ಎಳೆದಿಟ್ಟಿದ್ದೆ. ಇನ್ನು ಹೆಚ್ಚಿಸುವುದಿದ್ದರೆ ಫೋಟೊದಲ್ಲಿರುವ ವಿವರವನ್ನೇ ಹೆಚ್ಚಿಸಬೇಕು.

"ಅಂದ್ರ ವಯಸ್ಸಾದಂಗ ಕೆಬಿ ಹೆಚ್ಚ ಆಕ್ಕಾವು?" ಅತ್ತೆ ಕೇಳಿದಳು.

"ಹೆಚ್ಚೂಕಡಿಮಿ ಹಂಗ."

"ಹಂಗಾದ್ರ ನಮ್ಮವ್ವಂದು ತಗಿ ನೋಡೂಣು."

ಆಯಿಯನ್ನು ಹಾಲಿನ ಬಿಳಿ ಗೋಡೆಗೆ ನಿಲ್ಲಿಸಿ, ಅದೇ ಅಳತೆಗೆ ಕತ್ತರಿಸಿ ನೋಡಿದೆ. ಇಪ್ಪತ್ತೆರಡೂವರೆ ಕೆಬಿ. ಅರ್ಜಿ ಆಯಿ ಹಾಕಿದ್ದರೆ ಫೋಟೊ ಮೊದಲ ಸಲಕ್ಕೇ ಏರುತ್ತಿತ್ತು. ವಯಸ್ಸಿನ ಕಾಲಮ್ಮಿನಲ್ಲಿ ಮಾತ್ರ ಸ್ವಲ್ಪ ತೊಂದರೆಯಾಗುತ್ತಿತ್ತು.

ಸೋಮವಾರ ಸಂಜೆ ಅದೇ ಗೋಡೆಗೆ ಅತ್ತೆಯನ್ನು ನಿಲ್ಲಿಸಿ, ಯಾವ ಉಜ್ಜುವಿಕೆಯೂ ಇಲ್ಲದೆ ಎರಡನೇ ಫೋಟೊ ತೆಗೆದೆ. ಹದಿನಾರು ಪಾಯಿಂಟ್ ಒಂಬತ್ತು. ಮೂರು ಕೆಬಿಗಿಂತ ಹೆಚ್ಚು ವಯಸ್ಸು ವಾಪಸು ಬಂದಿತ್ತು. ಅತ್ತೆ ಫೋನನ್ನು ಕೈಯಲ್ಲಿ ಹಿಡಿದು, "ಇವ ಅಷ್ಟೂ ನನ್ನ ಮಾರಿ ಮ್ಯಾಲ ಇದ್ವು?" ಎಂದು ಕೇಳಿದಳು. ಅಪ್ಪ ಕುಕ್ಕರಿನ ಸೀಟಿ ಎಣಿಸುವ ನೆಪದಲ್ಲಿ ಅಡುಗೆಮನೆಗೆ ಹೋದ. ಕುಕ್ಕರ್ ಇನ್ನೂ ಒಲೆಯ ಮೇಲೆ ಏರಿರಲಿಲ್ಲ.

ಮಂಗಳವಾರ ಅಪ್ಪ ಈ ವಿಷಯವನ್ನು ತನ್ನ ಕೈಗೆ ತೆಗೆದುಕೊಂಡ. ಕಾರ್ಖಾನೆಯಲ್ಲಿ ಕಂಪ್ಯೂಟರ್ ಬಲ್ಲ ಸ್ನೇಹಿತನೊಬ್ಬನಿದ್ದಾನೆ, ಅವನಿಗೆ ಎರಡನೇ ಫೋಟೊವನ್ನು ಮೆಸೇಜ್ ಮಾಡುತ್ತೇನೆ, ದೊಡ್ಡದು ಮಾಡಿ ಕಳಿಸುತ್ತಾನೆ ಎಂದ. ಸಂಜೆ ವಾಪಸು ಬಂದದ್ದು, ನನ್ನ ಲೆಕ್ಕದಲ್ಲಿ ಮೂರನೇ ಫೋಟೊ, ಒಂಬತ್ತು ಪಾಯಿಂಟ್ ಎಂಟು. ಮೆಸೇಜಿನಲ್ಲಿ ಕಳಿಸಿದರೆ ಫೋಟೊ ಕುಗ್ಗುತ್ತದೆ. ಅಪ್ಪನದು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕುಗ್ಗಿತ್ತು.

"ಹಾದ್ಯಾಗ ಸೋರಿರಬೇಕು," ಎಂದ ಅಪ್ಪ.

"ನನ್ನನ್ನ ಯಾರ ಕೈಯಾಗೂ ಕೊಟ್ಟು ಕಳಸಬ್ಯಾಡಣ್ಣಾ," ಎಂದಳು ಅತ್ತೆ. "ಅರ್ಧಾ ಆಗಿ ಬಂದೀನಿ."

ಬುಧವಾರದ ಪುಟದಲ್ಲಿ ಮೂರು ಸಾಲುಗಳಿವೆ. ನಾಲ್ಕನೇ ಫೋಟೊ, ಕನ್ನಡಕ ಹಾಕಿಕೊಂಡು: ಹದಿನೇಳು ಪಾಯಿಂಟ್ ಮೂರು. ಐದನೇ ಫೋಟೊ, ಕನ್ನಡಕ ಮತ್ತು ಜುಮುಕಿ: ಹದಿನೇಳು ಪಾಯಿಂಟ್ ಎಂಟು. ಆರನೇ ಫೋಟೊ, ಕನ್ನಡಕ, ಜುಮುಕಿ ಮತ್ತು ಸಿಟ್ಟು: ಹದಿನೆಂಟು ಪಾಯಿಂಟ್ ಎರಡು. ಈ ಸಿಟ್ಟು ನಾವು ಬೇಕೆಂದು ತಂದದ್ದಲ್ಲ. ಐದನೇ ಫೋಟೊ ಆದಮೇಲೆ ಅಪ್ಪ, "ಜಾತ್ರಿಗೆ ಹೊಂಟಂಗ ಕಾಣ್ತಿ" ಎಂದಿದ್ದ. ಹುಬ್ಬಿನ ನಡುವಿನ ಎರಡು ಗೆರೆಗಳಿಂದ ಎಷ್ಟು ಲಾಭವಾಯಿತೆಂದು ನಾನು ಓದಿ ಹೇಳಿದಾಗ ಸಿಟ್ಟು ಇನ್ನೂ ಹೆಚ್ಚಾಯಿತು. ಆದರೆ ಆಗ ಕ್ಯಾಮರಾ ಸಿದ್ಧವಿರಲಿಲ್ಲ.

ಗುರುವಾರ ಬೆಳಿಗ್ಗೆ ಅತ್ತೆ ತಲೆಗೆ ಸ್ನಾನ ಮಾಡಿ, ಕೂದಲು ಬಾಚಿಕೊಳ್ಳದೆ ಬಂದು ಗೋಡೆಗೆ ನಿಂತಳು. ಒಂದೊಂದು ಕೂದಲೂ ಒಂದೊಂದು ದಿಕ್ಕಿಗೆ ನಿಂತಿತ್ತು. ಆಯಿ ಕಣ್ಣು ಮುಚ್ಚಿಕೊಂಡಳು. ಏಳನೇ ಫೋಟೊ. ಫೋನಿನಲ್ಲಿ ನೋಡಿದೆ: ಇಪ್ಪತ್ತು ಪಾಯಿಂಟ್ ಎರಡು!

ಅತ್ತೆ ನನ್ನನ್ನು ಎತ್ತಿಕೊಳ್ಳಲು ನೋಡಿದಳು. ಅಪ್ಪ ಡ್ಯೂಟಿಗೆ ಹೋಗುವುದನ್ನು ಹತ್ತು ನಿಮಿಷ ತಡಮಾಡಿ ಶಿರಾ ಮಾಡಿದ. ಶಿರಾ ತಿಂದು, ಕೈ ತೊಳೆದು, ಫೋಟೊವನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಹಾಕಿ ಏರಿಸಿದೆ. ಮತ್ತೆ ಅದೇ ಕೆಂಪು ಸಾಲು. ಇಪ್ಪತ್ತಕ್ಕಿಂತ ಕಡಿಮೆ.

ಲ್ಯಾಪ್‌ಟಾಪಿನಲ್ಲಿ ಅದೇ ಫೋಟೊ ಹತ್ತೊಂಬತ್ತು ಪಾಯಿಂಟ್ ಏಳು ಎಂದು ತೋರಿಸುತ್ತಿತ್ತು.

"ಕೇಬಲ್ಲಿನ್ಯಾಗೂ ಸೋರತೈತೇನು?" ಎಂದಳು ಅತ್ತೆ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ನನಗೆ ಕಾರಣ ಗೊತ್ತಿತ್ತು, ಮೊದಲೇ ನೆನಪಾಗಲಿಲ್ಲ ಅಷ್ಟೆ. ಬೈಟುಗಳು ಎರಡೂ ಕಡೆ ಒಂದೇ: ಇಪ್ಪತ್ತು ಸಾವಿರದ ಇನ್ನೂರ ಹತ್ತು. ನನ್ನ ಫೋನು ಸಾವಿರ ಬೈಟಿಗೆ ಒಂದು ಕೆಬಿ ಎನ್ನುತ್ತದೆ. ಲ್ಯಾಪ್‌ಟಾಪು ಎರಡನ್ನು ಹತ್ತು ಸಲ ಗುಣಿಸಿ, ಸಾವಿರದ ಇಪ್ಪತ್ತನಾಲ್ಕಕ್ಕೆ ಒಂದು ಕೆಬಿ ಎನ್ನುತ್ತದೆ. ಕಚೇರಿಯ ಲೆಕ್ಕವೂ ಲ್ಯಾಪ್‌ಟಾಪಿನದೇ. ಅತ್ತೆಗೆ ಕಡಿಮೆ ಬಿದ್ದದ್ದು ಇನ್ನೂರ ಎಪ್ಪತ್ತು ಬೈಟು. ಕಂಪ್ಯೂಟರಿನಲ್ಲಿ ಕನ್ನಡದ ಎರಡು ಸಾಲು ಬರೆದರೆ ಅಷ್ಟು ಖರ್ಚಾಗಿಹೋಗುತ್ತದೆ.

ಇದನ್ನು ಕೇಳಿ ಅಪ್ಪ ಕೈಯಲ್ಲಿದ್ದ ಟಿಫಿನ್ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ. "ಒಂದ ಹೆಸರು, ಎರಡ ಅಳತಿ? ನಮ್ಮಲ್ಲಿ ಹಿಂಗ ಮಾಡಿದ್ರ ಶಿಫ್ಟ್ ನಿಲ್ಲಿಸಿಬಿಡ್ತಾರ! ಮಿಲಿಮೀಟರು ಫೋನಿನ್ಯಾಗ ಒಂದು, ಕಂಪ್ಯೂಟರಿನ್ಯಾಗ ಒಂದು ಇರತೈತೇನು?"

"ನೀ ಸುಮ್ಮನಿರೊ," ಎಂದಳು ಆಯಿ. "ನಮ್ಮ ಸಣ್ಣಂದ್ರಾಗ ಸೇರೂ ಹಂಗ ಇತ್ತು. ಕಚ್ಚಾ ಸೇರು ಬ್ಯಾರೆ, ಪಕ್ಕಾ ಸೇರು ಬ್ಯಾರೆ. ಯಾವುದರಾಗ ಅಳೀತಿ ಅಂತ ಮೊದಲ ಕೇಳಿ ಜ್ವಾಳಾ ತರಬೇಕು. ಈ ಕೂಸು ಕೇಳಲಾರದ ಕಚ್ಚಾದಾಗ ಅಳದೈತಿ, ಅಂವ ಪಕ್ಕಾದಾಗ ತಗೋತಾನ."

ನಾನು ನೋಟ್‌ಬುಕ್ಕಿನಲ್ಲಿ ಎರಡು ಕಾಲಮ್ಮು ಎಳೆದು ಕಚ್ಚಾ ಕೆಬಿ, ಪಕ್ಕಾ ಕೆಬಿ ಎಂದು ಬರೆದೆ. ಇಂದಿಗೂ ನಮ್ಮ ಮನೆಯಲ್ಲಿ ಹಾಗೇ ಕರೆಯುತ್ತೇವೆ.

ಶುಕ್ರವಾರ ಅತ್ತೆ ಶಾಲೆಗೆ ರಜೆ ಹಾಕಿದಳು. ಮಧ್ಯಾಹ್ನ ಎರಡು ಗಂಟೆಯವರೆಗೆ ಹೊಸ ಉಪಾಯ ಒಂದೂ ಹೊಳೆಯಲಿಲ್ಲ. ಸ್ಟುಡಿಯೊದವನನ್ನು ಕೇಳಿದರೆ, ಹತ್ತು ಕೆಬಿಗೆ ಇಳಿಸು ಎಂದರೆ ಇಳಿಸುತ್ತೇನೆ, ಏರಿಸು ಎಂದು ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ ಎಂದ. ಅತ್ತೆ ಗೈಡುಗಳನ್ನು ಒಂದರ ಮೇಲೊಂದು ಜೋಡಿಸಿ, ದಾರ ಕಟ್ಟಲು ಶುರು ಮಾಡಿದಳು. ಲೈಬ್ರರಿಯವಳು, ಕಟ್ಟು ಚೊಕ್ಕಟವಾಗಿಯೇ ಬರುತ್ತಿತ್ತು.

ಆಗ ಆಯಿ ತನ್ನ ಕೋಣೆಯಿಂದ ಒಂದು ಹಳೆಯ ಧೋತರದಲ್ಲಿ ಸುತ್ತಿದ ಗಂಟು ತಂದಳು. ಒಳಗೆ ಚಂದ್ರಕಾಳಿ ಸೀರೆ. ಕಪ್ಪು ರೇಷ್ಮೆ, ಸೆರಗಿನ ತುಂಬ ಆಯಿಯೇ ಹಾಕಿದ ಕಸೂತಿ: ಆನೆ, ತುಳಸಿಕಟ್ಟೆ, ಗೋಪುರ, ನಡುನಡುವೆ ಚಿಕ್ಕ ಚಿಕ್ಕ ನಕ್ಷತ್ರ. ಎಳೆ ಎಣಿಸಿ ಎಣಿಸಿ ಹಾಕಿದ್ದು. ಒಂದು ಎಳೆ ತಪ್ಪಿದರೂ ಬಿಚ್ಚಿ ಮತ್ತೆ ಹಾಕಬೇಕು.

"ಇದನ್ನ ಉಟಗೊ."

ಅತ್ತೆ ದಾರ ಕಟ್ಟುವುದನ್ನು ನಿಲ್ಲಿಸಿದಳು. "ಒಲ್ಲೆ."

ಆ ಸೀರೆ ನನಗೂ ಗೊತ್ತಿತ್ತು, ಬರೀ ಮಾತಿನಲ್ಲಿ. ಅತ್ತೆಯನ್ನು ನೋಡಲು ಗಂಡಿನ ಕಡೆಯವರು ಬಂದಾಗಲೆಲ್ಲ ಅದನ್ನೇ ಉಡಿಸುತ್ತಿದ್ದರಂತೆ. ಒಟ್ಟು ಏಳು ಸಲ. ಎಂಟನೆಯ ಸಲ ಯಾರಾದರೂ ಬರುತ್ತೇವೆಂದರೆ ಬೇಡವೆನ್ನಿ ಎಂದು ಅತ್ತೆಯೇ ಹೇಳಿದ್ದಳಂತೆ.

"ಇದನ್ನ ಉಟ್ಟಾಗೆಲ್ಲಾ ಬ್ಯಾಡ ಅಂದು ಹೋಗ್ಯಾರ," ಎಂದಳು ಅತ್ತೆ. "ಇವತ್ತೂ ಬ್ಯಾಡ ಅನಸ್ಕೊಳ್ಳಾಕ ನನ್ನ ಕೈಲೆ ಆಗೂದಿಲ್ಲ."

"ಅವರಿಗೆ ಎಣಸಾಕ ಬರ್ತಿದ್ದಿಲ್ಲ," ಎಂದಳು ಆಯಿ. "ಸೀರಿ ನೋಡಲಿಲ್ಲ, ನಿನ್ನೂ ನೋಡಲಿಲ್ಲ, ಉಪ್ಪಿಟ್ಟು ತಿಂದು ಹೋದ್ರು. ಈ ಮಷೀನಿಗೆ ಎಣಸಾಕ ಬರತೈತಿ ಅಂತ ಕೂಸು ಹೇಳ್ತಲ್ಲ? ಎಣಸಲಿ ತಗೊ."

ಅತ್ತೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂಬತ್ತು ನಿಮಿಷ. ಹೊರಗೆ ಬಂದಾಗ ಸೀರೆ ಉಟ್ಟಿದ್ದಳು, ತಲೆ ಬಾಚಿದ್ದಳು. ಜುಮುಕಿಯನ್ನು ತೆಗೆದುಬಿಟ್ಟಿದ್ದಳು.

ಎಂಟನೇ ಫೋಟೊ ಹದಿನೆಂಟು ಪಾಯಿಂಟ್ ಒಂಬತ್ತು, ಪಕ್ಕಾ. ಸೆರಗು ಬೆನ್ನ ಹಿಂದೆ ಇತ್ತು, ಚೌಕಟ್ಟಿನೊಳಗೆ ಬಂದದ್ದು ಬರೀ ಕಪ್ಪು ಬಟ್ಟೆ. ಕಪ್ಪು ಬೋಳಾಗಿದ್ದರೂ ಬಿಳಿ ಬೋಳಾಗಿದ್ದರೂ ಕಂಪ್ಯೂಟರಿಗೆ ಒಂದೇ. ಆಯಿ ನನ್ನನ್ನು ಪಕ್ಕಕ್ಕೆ ಸರಿಸಿ, ಸೆರಗನ್ನು ಎರಡೂ ಭುಜದ ಮೇಲೆ ಹೊದಿಸಿ, ಮುಂದೆ ಎಳೆದು, ಒಳಗಿನಿಂದ ನಾಲ್ಕು ಪಿನ್ನು ಹಾಕಿದಳು. "ಆನಿ ಕಾಣ್ತಾವೇನು ನೋಡು," ಎಂದಳು. ಎರಡು ಆನೆ, ಒಂದು ತುಳಸಿಕಟ್ಟೆ, ಅರ್ಧ ಗೋಪುರ ಚೌಕಟ್ಟಿನೊಳಗೆ ಬಂದವು. ಮೇಲೆ ಅತ್ತೆಯ ಮುಖ, ತನ್ನೆಲ್ಲ ಗೆರೆಗಳ ಸಮೇತ.

ಒಂಬತ್ತನೇ ಫೋಟೊ. ಕಚ್ಚಾ ಇಪ್ಪತ್ತೈದು ಪಾಯಿಂಟ್ ನಾಲ್ಕು, ಪಕ್ಕಾ ಇಪ್ಪತ್ತನಾಲ್ಕು ಪಾಯಿಂಟ್ ಎಂಟು.

ನಾಲ್ಕು ಗಂಟೆ ಹನ್ನೊಂದು ನಿಮಿಷಕ್ಕೆ ಅದು ಏರಿತು. ಕೆಂಪು ಸಾಲು ಬರಲಿಲ್ಲ, ಹಸಿರು ಗುರುತು ಬಂತು. ಅತ್ತೆ ಪರದೆಯನ್ನೇ ನೋಡುತ್ತ, "ಹೂಂ ಅಂತು?" ಎಂದು ಕೇಳಿದಳು. ಹೂಂ ಅಂದಿದೆ ಎಂದೆ. ಅಪ್ಪ ಕಾರ್ಖಾನೆಯಿಂದ ಫೋನ್ ಮಾಡಿ ಎಷ್ಟಾಯಿತೆಂದು ಕೇಳಿದ. ಪಕ್ಕಾ ಇಪ್ಪತ್ತನಾಲ್ಕು ಚಿಲ್ಲರೆ ಎಂದಾಗ, "ಮಾಲ್ ಪಾಸ್" ಎಂದ. ಆಯಿ ಆಗಲೇ ಸೆರಗಿನ ಪಿನ್ನು ಬಿಚ್ಚುತ್ತಿದ್ದಳು, ರೇಷ್ಮೆಗೆ ತೂತು ಬೀಳಬಾರದೆಂದು.

ಮುಂದೆ ಹಾಲ್ ಟಿಕೆಟ್ ಬಂದಾಗ ಅದರ ಹಿಂಬದಿಯ ಹದಿನೆಂಟು ಸೂಚನೆಗಳಲ್ಲಿ ಐದನೆಯದು, ಅಭ್ಯರ್ಥಿಯ ಚಹರೆ ಫೋಟೊಗೆ ಹೊಂದಿಕೆಯಾಗಬೇಕು ಎಂದಿತ್ತು. ಚಹರೆ ಎಂದರೆ ಮುಖ ಮಾತ್ರ ಎಂದು ನಾನು ಎಷ್ಟು ಹೇಳಿದರೂ ಅತ್ತೆ ಕೇಳಲಿಲ್ಲ. ಇನ್ನೊಂದು ಸಲ ಹೊಂದಿಕೆಯಾಗದೆ ಹೊರಗೆ ನಿಲ್ಲಲು ಅವಳು ತಯಾರಿರಲಿಲ್ಲ. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಅತ್ತೆ ಚಂದ್ರಕಾಳಿ ಉಟ್ಟು, ಎರಡೂ ಭುಜದ ಮೇಲೆ ಸೆರಗು ಹೊದ್ದು, ಅಮೀರ್‌ಪೇಟೆಯಲ್ಲಿ ಮೆಟ್ರೊ ಬದಲಿಸಿ ಬೇಗಂಪೇಟೆಯ ಪರೀಕ್ಷಾ ಕೇಂದ್ರಕ್ಕೆ ಹೋದಳು. ಜೊತೆಗೆ ನಾನಿದ್ದೆ. ರೈಲಿನಲ್ಲಿ ಇಬ್ಬರು ಹೆಂಗಸರು ಎದ್ದು ಜಾಗ ಕೊಟ್ಟರು.

ಗೇಟಿನಲ್ಲಿ ತಪಾಸಣೆ ಮಾಡುವ ಹೆಂಗಸು ಅತ್ತೆಯನ್ನು ಮೇಲಿನಿಂದ ಕೆಳಗೆ ನೋಡಿ, "ಶಾದಿ ಮೇ ಜಾರಹೇ ಕ್ಯಾ, ಅಮ್ಮಾ?" ಎಂದಳು, ಮದುವೆಗೆ ಹೊರಟಿದ್ದೀರಾ ಎಂದು.

"ನೈ," ಎಂದಳು ಅತ್ತೆ. "ಇಮ್ತಿಹಾನ್ ಹೈ." ಪರೀಕ್ಷೆ ಇದೆ ಎಂದು ಹಾಲ್ ಟಿಕೆಟ್ ಮುಂದೆ ಹಿಡಿದಳು.

ಆ ಹೆಂಗಸು ಫೋಟೊ ನೋಡಿದಳು, ಸೆರಗು ನೋಡಿದಳು, ಬೆರಳಿನಿಂದ ಆನೆಗಳನ್ನು ಎಣಿಸಿದಳು. "ದೋ ಯಹಾಂ, ದೋ ವಹಾಂ. ಜಾವ್." ಇಲ್ಲಿ ಎರಡು, ಅಲ್ಲಿ ಎರಡು, ಹೋಗಿ ಎಂದು.

ಇದಾದ ಏಳು ತಿಂಗಳ ನಂತರ, ಒಂದು ಮಂಗಳವಾರ, ಆ ಕಚೇರಿಯಿಂದ ಅತ್ತೆಗೆ ಇನ್ನೊಂದು ಫಾರ್ಮು ಬಂತು. ಕೆಲಸಕ್ಕೆ ಹಾಜರಾಗುವ ಮೊದಲು ಗುರುತಿನ ಚೀಟಿಗಾಗಿ ತುಂಬಬೇಕಾದದ್ದು. ಮನೆಯವರೆಲ್ಲ ಲ್ಯಾಪ್‌ಟಾಪಿನ ಸುತ್ತ ಕುಳಿತೆವು. ಈ ಸಲ ಅವ್ವನೂ ಇದ್ದಳು. ಮೂರನೇ ಸಾಲಿನಲ್ಲಿ ಬರೆದಿತ್ತು: ಫೋಟೊ ಹದಿನೈದು ಕೆಬಿಗಿಂತ ಹೆಚ್ಚಿರಬಾರದು.

ಅಪ್ಪ ಎದ್ದು ಬಾಲ್ಕನಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದ. "ಆನಿ ತಗೀಬೇಕೇನು?" ಎಂದು ಆಯಿ ಕೇಳಿದಳು. ನಾನು ನೋಟ್‌ಬುಕ್ ತೆರೆದೆ. ಮೊದಲನೇ ಫೋಟೊ, ಸ್ಟುಡಿಯೊದ್ದು, ವಯಸ್ಸು ತೆಗೆದದ್ದು: ಕಚ್ಚಾ ಹದಿಮೂರು ಪಾಯಿಂಟ್ ಎಂಟು, ಪಕ್ಕಾ ಹದಿಮೂರು ಪಾಯಿಂಟ್ ಐದು. ಯಾವ ಸೇರಿನಲ್ಲಿ ಅಳೆದರೂ ನಡೆಯುತ್ತದೆ. ಅದರ ಮುಂದೆ ನಾನೇ ಬರೆದಿದ್ದ 'ನಿರುಪಯೋಗಿ' ಎಂಬ ಮಾತನ್ನು ಹೊಡೆದುಹಾಕಿ, ಅದನ್ನೇ ಏರಿಸಿದೆ. ಒಂದೇ ಸಲಕ್ಕೆ ಏರಿತು.

ಕೆಲಸದ ಮೊದಲ ವಾರ ಕಚೇರಿಯ ಬಾಗಿಲಲ್ಲಿ ಕಾವಲಿನವನು ಗುರುತಿನ ಚೀಟಿಯನ್ನೂ ಅತ್ತೆಯ ಮುಖವನ್ನೂ ಎರಡೆರಡು ಸಲ ನೋಡಿ, ಇದು ನಿಮ್ಮ ಹಳೆಯ ಫೋಟೊ ಇರಬೇಕು ಎಂದನಂತೆ. ಸಂಜೆ ಮನೆಗೆ ಬಂದು ಅತ್ತೆ ನಗುತ್ತ ಹೇಳಿದಳು.

"ನೀ ಏನಂದಿ?" ಎಂದು ಕೇಳಿದ ಅಪ್ಪ.

"ಹದಿನೈದು ಕೆಬಿಯೊಳಗ ನಾ ಇಷ್ಟ ಹಿಡೀತೀನ್ರಿ, ಉಳಿದದ್ದನ್ನ ದಿನಾ ಹೊತಗೊಂಡು ಬರತೀನಿ ಅಂದೆ."